ಸಂಸಾರ ಹೂಡುವುದೆಲ್ಲಿ? ಹುಬ್ಬಳ್ಳಿಯೋ, ಧಾರವಾಡವೋ?

ನೌಕರಿಯಲ್ಲಿರುವ ತನಕ ಮನುಷ್ಯನಿಗೆ ಊರನ್ನು ಆರಿಸಿಕೊಳ್ಳುವ ಕಷ್ಟವಿಲ್ಲ. ವರ್ಗದ ಹುಕುಮು ಬಂದ ಕಡೆಗೆ ಗಂಟುಮೂಟೆ ಕಟ್ಟಿದರಾಯಿತು. ಹೋದ ಊರು ಮನಸ್ಸಿಗೆ ಬಾರದಿದ್ದರೆ ಮೇಲಧಿಕಾರಿಯನ್ನು ಬಯ್ದುಕೊಳ್ಳುವ ಸುಖವೂ ಉಂಟು. ನಿಜವಾದ ಪೇಚಾಟ ಪ್ರಾರಂಭವಾಗುವುದು ನಿವೃತ್ತಿಯ ಮರುದಿನ. ಅಂದು ಬೆಳಿಗ್ಗೆ ಚಹದ ಬಟ್ಟಲನ್ನು ಮುಂದಿಟ್ಟು ಮನೆಯಾಕೆ, “ಇನ್ನು ಎಲ್ಲಿ ಇರೋದು?” ಎಂದು ಕೇಳಿದಾಗ, ಬಯ್ಯುವುದಕ್ಕೆ ಮೇಲಧಿಕಾರಿಯೂ ಇರುವುದಿಲ್ಲ.

ನಾನು 34 ವರ್ಷ ಪುಣೆಯ ವಿಮಾ ಕಚೇರಿಯೊಂದರಲ್ಲಿ ದುಡಿದು 2023ರ ಮೇ ತಿಂಗಳ ಕೊನೆಗೆ ನಿವೃತ್ತನಾದೆ. ವಾಸ ಕಚೇರಿಯ ವಸತಿಗೃಹದಲ್ಲಿ. ಆದುದರಿಂದ ಸ್ವಂತ ಮನೆಯೆಂಬುದಿರಲಿಲ್ಲ. ಕೈಗೆ ಬಂದ ಹಣ ಒಂದೇ ಒಂದು ಮನೆಗೆ ಸಾಕಾಗುವಷ್ಟು. ಅದನ್ನು ತಪ್ಪು ಊರಿನಲ್ಲಿ ಸುರಿದರೆ ಮತ್ತೆ ಎದ್ದು ಇನ್ನೊಂದು ಊರಿಗೆ ಹೋಗುವ ಶಕ್ತಿ ದುಡ್ಡಿಗೂ ಇಲ್ಲ, ದೇಹಕ್ಕೂ ಇಲ್ಲ. ಊರಿನ ಕಡೆಗೆ ಹಿಂತಿರುಗಬೇಕೆಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿದ್ದಿತು. ಆದರೆ ಯಾವ ಊರು? ನಾನು ಧಾರವಾಡದವನು, ಆಕೆ ಹುಬ್ಬಳ್ಳಿಯವಳು. ಎರಡರ ನಡುವೆ ಇರುವ ಅಂತರ ಸುಮಾರು 20 ಕಿಲೋಮೀಟರು. ಮದುವೆಯಾದ ಹೊಸತರಲ್ಲಿ ಈ 20 ಕಿಲೋಮೀಟರು ನಮಗೆ ವಿನೋದದ ವಸ್ತುವಾಗಿತ್ತು. ಈಗ ಅದೇ ವ್ಯಾಜ್ಯದ ವಸ್ತುವಾಯಿತು.

“ಧಾರವಾಡದಾಗ ಏನದ ರೀ? ರಾತ್ರಿ ಎಂಟಕ್ಕ ಊರು ಮಲಗತದ,” ಎಂದಳು ಆಕೆ.

“ಹುಬ್ಬಳ್ಳ್ಯಾಗ ಏನದ? ಊರು ಮಲಗೋದೇ ಇಲ್ಲ,” ಎಂದೆ ನಾನು.

ಹೊರಗಿನವರಿಗೆ ಈ ಜಗಳ ಹಾಸ್ಯಾಸ್ಪದವೆಂದು ತೋರಬಹುದು. ಸರಕಾರದ ದಫ್ತರದಲ್ಲಿ ಇವೆರಡೂ 1962ರಿಂದ ಒಂದೇ ಮಹಾನಗರ ಪಾಲಿಕೆಯ ಕೆಳಗೆ ಬಂದ ಊರುಗಳು. 2011ರ ಜನಗಣತಿಯಲ್ಲಿ ಎರಡನ್ನೂ ಕೂಡಿಸಿ 9 ಲಕ್ಷ 43 ಸಾವಿರ ಜನವೆಂದು ಲೆಕ್ಕ ಹಾಕಿದ್ದಾರೆ. ‘ಅವಳಿ ನಗರ’ವೆಂದು ಪತ್ರಿಕೆಗಳು ಬರೆಯುತ್ತವೆ. ಆದರೆ ಅವಳಿಗಳು ಒಂದೇ ಮುಖದವರಾಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಇಲ್ಲಿ ಒಬ್ಬ ಅಂಗಡಿಯ ಗಲ್ಲೆಯ ಮೇಲೆ ಕುಳಿತಿದ್ದಾನೆ. ಇನ್ನೊಬ್ಬ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಒರಗಿದ್ದಾನೆ.

ಈ ಭೇದ ಇಂದು ನಿನ್ನೆಯದಲ್ಲ. 1818ರಲ್ಲಿ ಪೇಶವೆಯರ ಆಡಳಿತ ಮುಗಿದು ಈ ಸೀಮೆ ಇಂಗ್ಲಿಷರ ಕೈಸೇರಿದ ಮೇಲೆ ಧಾರವಾಡ ಜಿಲ್ಲೆಯ ಮುಖ್ಯಸ್ಥಳವಾಯಿತು. ಕಲೆಕ್ಟರರು, ಕಚೇರಿಗಳು, ಕಚೇರಿಗಳ ಹಿಂದೆ ವಕೀಲರು, ವಕೀಲರ ಮಕ್ಕಳಿಗೆ ಶಾಲೆಗಳು, ಶಾಲೆಗಳಿಗೆ ಮಾಸ್ತರರು ಹೀಗೆ ಒಂದರ ಬೆನ್ನಿಗೆ ಒಂದು ಬಂದುವು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, 1950ರಲ್ಲಿ ಆಕಾಶವಾಣಿ. ಅದೇ ವರ್ಷ, ಹಿಂದಿನ ವರ್ಷ ಮುಂಬಯಿಯಲ್ಲಿ ಹುಟ್ಟಿದ್ದ ಕರ್ನಾಟಕ ವಿಶ್ವವಿದ್ಯಾಲಯವೂ ಧಾರವಾಡಕ್ಕೆ ಬಂದಿತು. ಆ ಚಾಳಿ ಇನ್ನೂ ನಿಂತಿಲ್ಲ. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ (2013ರಲ್ಲಿ ಅದು ಕಾಯಂ ಆಯಿತು), 2016ರಲ್ಲಿ ಐ.ಐ.ಟಿ. ಓದು, ಬರಹ, ವ್ಯಾಜ್ಯ ಈ ಮೂರೂ ಧಾರವಾಡದ ಪಾಲು.

ಹುಬ್ಬಳ್ಳಿಯ ಭಾಗ್ಯ ಹತ್ತಿಯಲ್ಲಿಯೂ ರೈಲಿನಲ್ಲಿಯೂ ಬಂದದ್ದು. ಪೂರ್ವದ ಎರೆ ಹೊಲಗಳ ಹತ್ತಿ ಇಲ್ಲಿಯ ಪೇಟೆಗೆ ಬಂದು ಬೀಳುತ್ತಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಾಗ ಅದರ ಕಾರ್ಖಾನೆಯೂ ಇಲ್ಲಿಯೇ ನಿಂತಿತು. ಅಂದಿನಿಂದ ಹುಬ್ಬಳ್ಳಿಯ ಜನ ಭೋಂಗಾದ ಸದ್ದಿಗೆ ಏಳುವುದನ್ನು ಕಲಿತರು. 2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲಿಗೇ ಬಂದಿತು. 2023ರ ಮಾರ್ಚಿನಲ್ಲಿ ಇಲ್ಲಿಯ ನಿಲ್ದಾಣದಲ್ಲಿ 1,507 ಮೀಟರು ಉದ್ದದ ಪ್ಲಾಟ್‌ಫಾರ್ಮು ಲೋಕಾರ್ಪಣೆಯಾಯಿತು. ಜಗತ್ತಿನಲ್ಲಿಯೇ ಅಷ್ಟು ಉದ್ದನೆಯದು ಇನ್ನೊಂದಿರಲಿಲ್ಲ. ನನ್ನಾಕೆ ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ನನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದಳು! ಒಂದೂವರೆ ಕಿಲೋಮೀಟರು ಪ್ಲಾಟ್‌ಫಾರ್ಮಿನ ಮೇಲೆ ನಡೆಯಲು ಮೊಣಕಾಲು ಯಾರದು ಎಂದು ನಾನು ಕೇಳಿದೆ. ಆಕೆ ಉತ್ತರ ಕೊಡಲಿಲ್ಲ.

ಒಂದು ನೋಟುಬುಕ್ಕು

ವಿಮಾ ಕಚೇರಿಯಲ್ಲಿ ಬಾಳು ಸವೆಸಿದವನಿಗೆ ಎಲ್ಲವನ್ನೂ ಎರಡು ಕಾಲಮ್ಮಿನಲ್ಲಿ ಬರೆಯುವ ಚಟ. ಒಂದು ನೋಟುಬುಕ್ಕು ತೆಗೆದುಕೊಂಡೆ. ಎಡಗಡೆ ಹುಬ್ಬಳ್ಳಿ, ಬಲಗಡೆ ಧಾರವಾಡ. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಬಂದು, ಮೊದಲ 15 ದಿನ ವಿದ್ಯಾನಗರದಲ್ಲಿರುವ ಆಕೆಯ ತಮ್ಮನ ಮನೆಯಲ್ಲಿಯೂ, ಮುಂದಿನ 15 ದಿನ ಧಾರವಾಡದ ಮಾಳಮಡ್ಡಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿಯೂ ಇದ್ದು ಪರೀಕ್ಷೆ ಮಾಡುವುದೆಂದು ಗೊತ್ತುಮಾಡಿದೆವು.

ಅಕ್ಕನ ವಿಷಯವನ್ನು ಇಲ್ಲಿ ಹೇಳಲೇಬೇಕು. ಆಕೆಗೆ ಆಗ 74 ವರ್ಷ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಭಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿಲ್ಲ. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಹಿತ್ತಿಲಿರುವ ಹಂಚಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾವು ಧಾರವಾಡದಲ್ಲಿ ಮನೆ ಮಾಡುತ್ತೇವೆಂಬುದನ್ನು ಆಕೆ ಖಂಡಿತವೆಂದೇ ನಂಬಿದ್ದಳು. ಪುಣೆಗೆ ಫೋನು ಮಾಡಿದಾಗಲೆಲ್ಲ ತನ್ನ ಓಣಿಯ ಯಾವ ಮನೆ ಮಾರಾಟಕ್ಕಿದೆ, ಯಾರು ಬೆಂಗಳೂರಿನ ಮಗನಲ್ಲಿಗೆ ಹೋಗುತ್ತಿದ್ದಾರೆ ಎಂಬುದನ್ನು ವರದಿ ಮಾಡುತ್ತಿದ್ದಳು. ನನ್ನ ನೋಟುಬುಕ್ಕಿನಲ್ಲಿ ಬಲಗಡೆಯ ಮೊದಲ ಸಾಲು ‘ಅಕ್ಕ’ ಎಂದಿದ್ದಿತು. ಎಡಗಡೆಯ ಮೊದಲ ಸಾಲಿನಲ್ಲಿ ನಾನು ‘ಆಸ್ಪತ್ರೆ’ ಎಂದು ಬರೆದಿದ್ದೆ. 2021ರಲ್ಲಿ ನನ್ನಾಕೆಯ ಹೃದಯದ ನಾಳಕ್ಕೆ ಪುಣೆಯಲ್ಲಿ ಸ್ಟೆಂಟು ಹಾಕಿದ್ದರು.

ಉಳಿದ ಸಾಲುಗಳು ಬಹಳ ಇದ್ದುವು. ಅವುಗಳಲ್ಲಿ ಸಂಸಾರವಂದಿಗರಿಗೆ ಉಪಯೋಗವಾದಾವು ಎಂಬಂಥವನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲು ಹವೆ. ಧಾರವಾಡ ಮಲೆನಾಡಿನ ಹೊಸ್ತಿಲ ಮೇಲೆ ಕುಳಿತ ಊರು. ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಹುಬ್ಬಳ್ಳಿ ಅದಕ್ಕಿಂತ ತಗ್ಗಿನಲ್ಲಿದೆ. ಪಡುವಣ ಗಾಳಿ ಹೊತ್ತು ತರುವ ಮಳೆ ಮೊದಲು ಧಾರವಾಡಕ್ಕೆ ಸಲ್ಲುತ್ತದೆ, ಮಿಕ್ಕದ್ದು ಹುಬ್ಬಳ್ಳಿಗೆ. ಹುಬ್ಬಳ್ಳಿಯ ನಿಲ್ದಾಣದಲ್ಲಿ ಬಿಸಿಲಿನಲ್ಲಿ ಬಸ್ಸು ಹತ್ತಿದವನು ಧಾರವಾಡದಲ್ಲಿ ಛತ್ರಿ ಬಿಚ್ಚಿಕೊಂಡು ಇಳಿಯುವುದು ನಿತ್ಯದ ಸಂಗತಿ. ಧಾರವಾಡದ ಜಿಟಿಜಿಟಿ ಮಳೆಯನ್ನು ಕವಿಗಳು ಹೊಗಳಿದ್ದಾರೆ. ಆದರೆ ಒಗೆದ ಬಟ್ಟೆಯನ್ನು ಒಣಗಿಸಬೇಕಾದವರನ್ನು ಯಾರೂ ಕೇಳಿಲ್ಲ. ಸಂಧಿವಾತವಿರುವ ಹಿರಿಯರು ಜುಲೈ ತಿಂಗಳಲ್ಲಿ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ಹುಬ್ಬಳ್ಳಿಯಲ್ಲಿ ಏಪ್ರಿಲ್ ತಿಂಗಳ ಬಿಸಿಲೂ ಧೂಳೂ ಧಾರವಾಡಕ್ಕಿಂತ ಹೆಚ್ಚೆಂಬುದನ್ನು ನನ್ನಾಕೆಯೂ ಒಪ್ಪಿದಳು. ಆಕೆ ಒಪ್ಪಿದ್ದು ಅದೊಂದನ್ನೇ.

ಎರಡನೆಯದು ನೆಲ. ಮನೆ ಕಟ್ಟಿಸುವವರು ಇದನ್ನು ಲಕ್ಷ್ಯಗೊಟ್ಟು ಓದಬೇಕು. ಧಾರವಾಡದ ಬಹುಭಾಗ ಕೆಂಪು ಗರಸಿನ ನೆಲ. ಅಲ್ಪ ಆಳಕ್ಕೆ ಗಟ್ಟಿ ತಳ ಸಿಗುತ್ತದೆ. ಹುಬ್ಬಳ್ಳಿಯ ಹಲವು ಬಡಾವಣೆಗಳು, ಅದರಲ್ಲಿಯೂ ಪೂರ್ವದ ಕಡೆಯವು, ಎರೆ ಭೂಮಿಯ ಮೇಲೆ ಎದ್ದಿವೆ. ಹತ್ತಿಗೆ ಹೊನ್ನಾದ ಈ ಮಣ್ಣು ಗೋಡೆಗೆ ಶತ್ರು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಬಾಯಿ ಬಿಟ್ಟು ಕುಗ್ಗುತ್ತದೆ. ವರ್ಷವರ್ಷವೂ ಈ ಉಬ್ಬುವಿಕೆ, ಕುಗ್ಗುವಿಕೆ ನಡೆದು, ಅಡಿಪಾಯ ಮೇಲುಮೇಲೆ ಹಾಕಿದ ಮನೆಯ ಮೂಲೆಗಳಲ್ಲಿ ಓರೆಯಾಗಿ ಬಿರುಕು ಓಡುತ್ತದೆ. ಎರೆಯನ್ನು ಪೂರಾ ಅಗೆದು ತೆಗೆದು ಗರಸು ತಾಕುವ ತನಕ ಇಳಿಯಬೇಕು. ಸುತ್ತಲೂ ಗರಸು ತುಂಬಿಸಬೇಕು. ಅಡಿಪಾಯದ ಮೇಲೆ ಕಾಂಕ್ರೀಟಿನ ತೊಲೆಯನ್ನು ಮನೆಯ ಸುತ್ತ ಹಾಯಿಸಬೇಕು. ಹುಬ್ಬಳ್ಳಿಯಲ್ಲಿ ನಿವೇಶನ ಸ್ವಲ್ಪ ಸೋವಿ ಸಿಕ್ಕಿತೆಂದು ಹಿಗ್ಗಿದವರು ಆ ಉಳಿತಾಯವನ್ನೆಲ್ಲ ನೆಲದೊಳಗೆ ಹೂಳುವುದನ್ನು ನಾನು ಕಂಡಿದ್ದೇನೆ. ಕಟ್ಟಿದ ಮನೆಯನ್ನು ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ, ಕಿಟಕಿಯ ಮೂಲೆಗಳನ್ನು ಮೇ ತಿಂಗಳಲ್ಲಿ ನೋಡಬೇಕು.

ಎರಡೂ ಊರಿಗೆ ಸಮನಾಗಿ ಅನ್ವಯಿಸುವ ಮಾತೊಂದು: ನಿವೇಶನದ ಉತಾರ, ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇವುಗಳನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು. ಹೊಲವನ್ನೇ ಗೆರೆ ಹೊಡೆದು ಪ್ಲಾಟು ಎಂದು ಮಾರುವ ಮಹನೀಯರು ಎರಡು ಊರಿನಲ್ಲಿಯೂ ಇದ್ದಾರೆ.

ನೀರಿನ ಕತೆ

ನೀರೆಂದರೆ ಇಲ್ಲಿ ಎರಡೂ ಊರುಗಳು ಒಂದಾಗುತ್ತವೆ, ದುಃಖದಲ್ಲಿ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭೆಯ ಜಲಾಶಯದಿಂದ ಎರಡಕ್ಕೂ ನೀರು ಬರುತ್ತದೆ. ಹುಬ್ಬಳ್ಳಿಗೆ ಮೊದಲಿನಿಂದಲೂ ನೀರಸಾಗರದ ಆಸರೆಯಿತ್ತು. ಆದರೆ ನಲ್ಲಿಯಲ್ಲಿ ನೀರು ಬರುವುದು ಸರದಿಯ ಮೇಲೆ. ಎಷ್ಟು ದಿನಕ್ಕೊಮ್ಮೆ ಎಂಬುದು ಓಣಿಯಿಂದ ಓಣಿಗೆ ಬೇರೆ. 2008ರ ಹೊತ್ತಿಗೆ ಎರಡೂ ಊರಿನ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಟ್ಟು ತೋರಿಸಿದರು. ದೂರದೂರದಿಂದ ಜನ ಬಂದು ಆ ಸೋಜಿಗವನ್ನು ನೋಡಿಹೋದರು. ಉಳಿದ ಓಣಿಗಳಿಗೆ ಅದನ್ನು ಹಬ್ಬಿಸುವುದು ಅಷ್ಟು ಬೇಗನೆ ಆಗಲಿಲ್ಲ.

ಆದ್ದರಿಂದ ಇಲ್ಲಿ ಮನೆ ನೋಡುವವರು ಕೋಣೆಗಳನ್ನು ಎಣಿಸುವ ಮೊದಲು ಟಾಕಿಯ ಮುಚ್ಚಳ ತೆಗೆದು ಇಣಿಕಿ ನೋಡಬೇಕು. ನಮಗೆ ಹುಬ್ಬಳ್ಳಿಯಲ್ಲಿ ಮನೆ ತೋರಿಸಿದ ದಲ್ಲಾಳಿ ಮೊದಲ ಮಾತಿಗೇ, “ಆರು ಸಾವಿರ ಲೀಟರ್ ಟಾಕಿ ಅದ ನೋಡ್ರಿ,” ಎಂದ. ಅಡಿಗೆಮನೆ ಯಾವ ದಿಕ್ಕಿಗಿದೆ ಎಂಬುದು ಆತನಿಗೆ ನೆನಪಿರಲಿಲ್ಲ. ಅಕ್ಕನ ಮನೆಯಲ್ಲಿ ನೆಲದ ಟಾಕಿಯಿಲ್ಲ. ಎರಡು ಡ್ರಮ್ಮು, ಒಂದು ತಾಮ್ರದ ಹಂಡೆ, ಏಳು ಕೊಡ. ನೀರು ಬರುವ ದಿನ ಆಕೆ ನಸುಕಿನಲ್ಲೆದ್ದು ನಲ್ಲಿಯ ಮುಂದೆ ಕುಳಿತಿರುವಳು. ಅಂದು ದೇವರ ಪೂಜೆಯೂ ನೀರಿನ ಸರದಿಗೆ ಕಾಯಬೇಕು.

ಪೇಟೆಯ ವಿಷಯದಲ್ಲಿ ಹುಬ್ಬಳ್ಳಿಗೆ ಸಾಟಿಯಿಲ್ಲ. ‘ಛೋಟಾ ಮುಂಬಯಿ’ ಎಂದು ಸುಮ್ಮನೆ ಹೆಸರು ಬಂದದ್ದಲ್ಲ. ಮದುವೆಯ ಜವಳಿಗೆ ಗದಗು, ಹಾವೇರಿ, ಶಿರಸಿಗಳಿಂದ ಜನ ಇಲ್ಲಿಗೇ ಬರುತ್ತಾರೆ. ಸಂಜೆ ದುರ್ಗದ ಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ ಭಜಿಗಳ ಹೊಗೆಯ ನಡುವೆ ನಿಂತರೆ ಹಸಿವಿಲ್ಲದವನಿಗೂ ಹಸಿವಾಗುತ್ತದೆ. ಧಾರವಾಡ ಇದಕ್ಕೆ ಪ್ರತಿಯಾಗಿ ಲೈನ್ ಬಜಾರದ ಪೇಢೆಯನ್ನು ಮುಂದಿಡುತ್ತದೆ. ಒಳ್ಳೆಯ ಉತ್ತರವೇ ಸರಿ. ಆದರೆ ಸಕ್ಕರೆ ಕಾಯಿಲೆಯವರಿಗೆ ಅದರಿಂದೇನು ಪ್ರಯೋಜನ?

ಧಾರವಾಡದ ಐಶ್ವರ್ಯ ಬೇರೆ ಬಗೆಯದು. ಇಲ್ಲಿ ಒಂದು ಕಲ್ಲು ಎಸೆದರೆ ಅದು ಕವಿಯ ಮನೆಯ ಮೇಲೆ ಬೀಳುತ್ತದೆಂಬುದು ಹಳೆಯ ಚೇಷ್ಟೆಯ ಮಾತು. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ. ಇನ್ನೊಂದು ಕಡೆ ಮಲ್ಲಿಕಾರ್ಜುನ ಮನಸೂರರ ‘ಮೃತ್ಯುಂಜಯ’. ಸಂಜೆ ಅಕ್ಕನೊಡನೆ ವಿದ್ಯಾವರ್ಧಕ ಸಂಘಕ್ಕೆ ಹೋದೆ. ಉಪನ್ಯಾಸ ಹಳಗನ್ನಡದ ಮೇಲೆ. ಹೊರಗೆ ಮಳೆ. ಒಳಗೆ ಅರವತ್ತು ಎಪ್ಪತ್ತು ಜನ, ಹೆಚ್ಚಿನವರು ನನ್ನಂತೆ ತಲೆ ನರೆತವರು, ಛತ್ರಿಗಳನ್ನು ಕುರ್ಚಿಗೆ ಆನಿಸಿ ಕುಳಿತು ಕೇಳುತ್ತಿದ್ದರು. ಮುಗಿದ ಮೇಲೆ ಒಬ್ಬರು ಎದ್ದು ಭಾಷಣಕಾರರ ತಪ್ಪೊಂದನ್ನು ತಿದ್ದಿದರು. ಭಾಷಣಕಾರರು ಕೈಮುಗಿದು ಒಪ್ಪಿಕೊಂಡರು. ಪುಣೆಯಲ್ಲಿ 34 ವರ್ಷ ನಾನು ಹಂಬಲಿಸಿದ್ದು ಇದನ್ನೇ ಎಂದು ಆ ಗಳಿಗೆಯಲ್ಲಿ ಅನ್ನಿಸಿತು.

ಹಾಗೆಂದು ಹುಬ್ಬಳ್ಳಿಯವರು ಹಾಡು ಕೇಳದವರೇನೂ ಅಲ್ಲ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಬಾಳಿ, ಹಾಡಿ, 2009ರಲ್ಲಿ ಕಣ್ಣು ಮುಚ್ಚಿದ್ದು ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಅವರು ಪಾಠ ಹೇಳಿಸಿಕೊಂಡರು. ನಮ್ಮ ವ್ಯಾಜ್ಯದಲ್ಲಿ ಅವರ ಹೆಸರು ಬಂದಾಗ ನಾನು ‘ಹುಟ್ಟಿದ್ದು’ ಎಂದೂ, ಆಕೆ ‘ಬಾಳಿದ್ದು’ ಎಂದೂ ಒತ್ತಿ ಹೇಳುತ್ತಿದ್ದೆವು.

ಮಕ್ಕಳ ಓದಿನ ಸಲುವಾಗಿ ಊರು ಹುಡುಕುವ ದಂಪತಿಗಳಿಗೆ ಧಾರವಾಡವೇ ಮೇಲೆಂದು ಎಲ್ಲರೂ ಹೇಳುತ್ತಾರೆ. ನನಗೆ ಅಷ್ಟು ನಿಶ್ಚಯವಿಲ್ಲ. ಬಿ.ವ್ಹಿ.ಬಿ. ಎಂದು ಜನ ಕರೆಯುವ ಎಂಜಿನಿಯರಿಂಗ್ ಕಾಲೇಜು ಹುಬ್ಬಳ್ಳಿಯಲ್ಲಿ 1947ರಲ್ಲಿಯೇ ಪ್ರಾರಂಭವಾಯಿತು. 2015ರಲ್ಲಿ ವಿಶ್ವವಿದ್ಯಾಲಯವೇ ಆಯಿತು. ಇತ್ತ ಧಾರವಾಡದ ಸಪ್ತಾಪುರ ಸ್ಪರ್ಧಾತ್ಮಕ ಪರೀಕ್ಷೆಗಳ ತರಗತಿಗಳಿಂದ ತುಂಬಿ ಹೋಗಿದೆ. ನಾವು ಅಲ್ಲಿ ನೋಡಿದ ಮನೆಯ ಮಾಳಿಗೆಯಲ್ಲಿ 11 ಮಂದಿ ಹುಡುಗರಿದ್ದರು. ಉತ್ತರ ಕರ್ನಾಟಕದ ಬೇರೆ ಬೇರೆ ಹಳ್ಳಿಗಳಿಂದ ಬಂದವರು. ಒಬ್ಬ ಮೆಟ್ಟಿಲ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ಮನೆಯವರು ಕಳಿಸಿದ ರೊಟ್ಟಿ ಎಷ್ಟು ದಿನಕ್ಕೆ ಸಾಕೆಂದು ನನ್ನಾಕೆ ಕೇಳಿದಳು. “ಎಂಟು ದಿನಕ್ಕ ರೀ ಅಮ್ಮಾರ,” ಎಂದ. ಆ ಮನೆ ನಮಗೆ ಒಗ್ಗಲಿಲ್ಲ. ಆದರೆ ಆ ರಾತ್ರಿ ಆಕೆ ಬಹಳ ಹೊತ್ತು ಆ ಹುಡುಗನ ಮಾತನ್ನೇ ಆಡುತ್ತಿದ್ದಳು.

ನಡುದಾರಿಯ ಸಲಹೆ

ಯಾರನ್ನು ಕೇಳಿದರೂ ಕೊನೆಗೆ ಒಂದು ಸಲಹೆ ಸಿದ್ಧವಾಗಿತ್ತು: “ನಡುವ ನವನಗರದಾಗ ಮಾಡಿಬಿಡ್ರಿ.” ಇಬ್ಬರ ಮಾತೂ ಉಳಿಯುತ್ತದೆ! ನಾವು ನವನಗರಕ್ಕೂ ಹೋದೆವು. ಅಗಲವಾದ ರಸ್ತೆಗಳು, ಗಾಳಿ ಬೆಳಕು ಚೆನ್ನಾಗಿವೆ. ಕಾನೂನು ವಿಶ್ವವಿದ್ಯಾಲಯವಿದೆ. ಆದರೆ ಅಲ್ಲಿ ನಿಂತಾಗ ನಮಗಿಬ್ಬರಿಗೂ ಒಂದೇ ಭಾವನೆ ಬಂದಿತು. ಎರಡೂ ತವರುಗಳಿಂದ ಹತ್ತು ಹತ್ತು ಕಿಲೋಮೀಟರು ದೂರ ನಿಲ್ಲುವುದರಿಂದ ಯಾರ ಮನಸ್ಸು ತಣಿದಂತಾಯಿತು? ನಮ್ಮ ವಯಸ್ಸಿನವರಿಗೆ ಬೇಕಾದದ್ದು ಬಾಗಿಲು ತೆಗೆದರೆ ಮಾತಾಡಿಸುವ ಜನ. ದುಡಿಯುವ ಗಂಡ ಒಂದು ಊರಿನಲ್ಲಿ, ದುಡಿಯುವ ಹೆಂಡತಿ ಇನ್ನೊಂದು ಊರಿನಲ್ಲಿ ಇರುವಂಥ ಕುಟುಂಬಕ್ಕಾದರೆ ನವನಗರ ಒಳ್ಳೆಯದೇ.

ಎರಡು ಊರುಗಳ ನಡುವಣ ಓಡಾಟ ಈಗ ಹಿಂದಿನಷ್ಟು ತ್ರಾಸಿನದಲ್ಲವೆಂಬುದನ್ನೂ ಹೇಳಬೇಕು. ನಾನು ಹುಡುಗನಾಗಿದ್ದಾಗ ಪುಣೆ-ಬೆಂಗಳೂರು ರಸ್ತೆಯಲ್ಲಿ ಕೆಂಪು ಬಸ್ಸಿಗೆ ಜೋತುಬಿದ್ದು ಹೋಗುತ್ತಿದ್ದೆವು. ಆಮೇಲೆ ಬೇಂದ್ರೆಯವರ ಹೆಸರಿಟ್ಟುಕೊಂಡ ಖಾಸಗಿ ಬಸ್ಸುಗಳೂ ಓಡಿದವು. ಕವಿಯ ಹೆಸರು ಹೊತ್ತು ಪ್ರಯಾಣಿಕರನ್ನು ಕೂಗಿ ಕರೆಯುವ ಬಸ್ಸು ಬೇರೆಲ್ಲಿಯಾದರೂ ಉಂಟೋ ಇಲ್ಲವೋ. 2018ರ ಅಕ್ಟೋಬರಿನಲ್ಲಿ ಓಡಲು ತೊಡಗಿ 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ‘ಚಿಗರಿ’ ಬಸ್ಸುಗಳಿಗೆ ರಸ್ತೆಯ ನಡುವೆ ತಮ್ಮದೇ ಹಾದಿಯಿದೆ. ತಂಪಾದ ಗಾಳಿಯಲ್ಲಿ ಕುಳಿತು ಮುಕ್ಕಾಲು ಗಂಟೆ, ಒಂದು ಗಂಟೆಗೆಲ್ಲ ಆಚೆಯ ಊರು ಸೇರಬಹುದು. ರಸ್ತೆಯನ್ನು ಅಗಲಗೊಳಿಸುವಾಗ ಇಕ್ಕೆಲಗಳ ಹಳೆಯ ಮರಗಳು ಹೋದವು. ಅವುಗಳ ನೆರಳಿನಲ್ಲಿ ಸೈಕಲ್ಲು ತುಳಿದವರಿಗೆ ಆ ದಾರಿ ಈಗ ಬೋಳೆನಿಸುತ್ತದೆ.

ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ನನ್ನ ನೋಟುಬುಕ್ಕಿನಲ್ಲಿ ಧಾರವಾಡದ ಕಾಲಮ್ಮು ಉದ್ದವಾಗಿತ್ತು. ನನ್ನಾಕೆಯ ವಾದವೂ ಮೆತ್ತಗಾಗಿತ್ತು. ಅಕ್ಕನ ಓಣಿಯಲ್ಲಿಯೇ ನಾಲ್ಕು ಮನೆಗಳಾಚೆ ಒಂದು ಮನೆ ಮಾರಾಟಕ್ಕಿತ್ತು. ಹಳೆಯದಾದರೂ ಗಟ್ಟಿ. ಅಂಗಳದಲ್ಲಿ ಬಾವಿ! ಬರುವ ಸೋಮವಾರ ಮುಂಗಡ ಕೊಡುವುದೆಂದು ನಿಶ್ಚಯಿಸಿದೆವು. ಅಕ್ಕ ಆ ದಿನ ಹೋಳಿಗೆ ಮಾಡಿದಳು.

ಅದೇ ರಾತ್ರಿ ಒಂದೂವರೆಗೆ ನನ್ನಾಕೆ ಎದ್ದು ಕುಳಿತಳು. ಎದೆ ಹಿಡಿದಂತಾಗಿ ಬೆವರು ಬರುತ್ತಿದೆ ಎಂದಳು. ಹೊರಗೆ ಮಳೆ. ನಾನು ಮಾತ್ರೆಯೊಂದನ್ನು ಆಕೆಯ ನಾಲಗೆಯ ಕೆಳಗೆ ಇಟ್ಟೆ. ನನ್ನ ಕೈ ನಡುಗುತ್ತಿತ್ತು. ಅಕ್ಕ ಪಕ್ಕದ ಮನೆಯ ಬಾಗಿಲು ಬಡಿದು ಆ ಮನೆಯ ಹುಡುಗನನ್ನು ಎಬ್ಬಿಸಿದಳು. ಆತ ಕಾರು ತೆಗೆದ. ಧಾರವಾಡದಲ್ಲಿ ಆಸ್ಪತ್ರೆಗಳಿಲ್ಲವೆಂದಲ್ಲ, ಸತ್ತೂರಿನಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೇ ಇದೆ. ಆದರೆ ಆಕೆಯ ಪುಣೆಯ ಕಾಗದಪತ್ರಗಳನ್ನೆಲ್ಲ ನೋಡಿ, ಹಿಂದಿನ ವಾರವಷ್ಟೇ ಆಕೆಯನ್ನು ಪರೀಕ್ಷಿಸಿದ್ದ ವೈದ್ಯರು ಹುಬ್ಬಳ್ಳಿಯವರು. ಫೋನಿನಲ್ಲಿ ಅವರು, “ಇಲ್ಲಿಗೇ ಕರಕೊಂಡು ಬರ್ರಿ,” ಎಂದರು.

ಆ 20 ಕಿಲೋಮೀಟರನ್ನು ನಾನು ಬಾಲ್ಯದಿಂದ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಅಷ್ಟು ಉದ್ದವಾಗಿ ಅದು ಎಂದೂ ಕಂಡಿರಲಿಲ್ಲ. ನವನಗರದ ದೀಪಗಳು ಬಂದುವು, ಹೋದುವು. ಉಣಕಲ್ಲ ಕೆರೆ ಕತ್ತಲೆಯಲ್ಲಿ ಹಿಂದೆ ಸರಿಯಿತು. ಆಕೆ ನನ್ನ ಭುಜಕ್ಕೆ ಒರಗಿ, “ಗಾಬರಿ ಆಗಬ್ಯಾಡ್ರಿ,” ಎಂದು ನನಗೇ ಹೇಳುತ್ತಿದ್ದಳು. ಬಾಗಿಲಿನಿಂದ ಬಾಗಿಲಿಗೆ 38 ನಿಮಿಷ. ನಾನು ಗಡಿಯಾರ ನೋಡುತ್ತಲೇ ಇದ್ದೆ.

ದೇವರು ದೊಡ್ಡವನು. ಎರಡು ಸಲ ಇ.ಸಿ.ಜಿ. ತೆಗೆದು, ರಕ್ತ ಪರೀಕ್ಷೆ ಮಾಡಿ, ಬೆಳಗಿನ ಜಾವ ವೈದ್ಯರು ನಕ್ಕು, ಇದು ಹೃದಯದ ತಕರಾರಲ್ಲ, ಹೊಟ್ಟೆಯದು ಎಂದರು. ಹೋಳಿಗೆಯ ಪ್ರತಾಪ. ನನ್ನಾಕೆಗೆ ನಾಚಿಕೆಯಾಯಿತು. ನನಗೆ ಕಾಲಲ್ಲಿ ಶಕ್ತಿಯಿಲ್ಲದಂತಾಗಿ ಅಲ್ಲಿಯೇ ಬೆಂಚಿನ ಮೇಲೆ ಕುಳಿತೆ.

ಮರುದಿನ ಮಧ್ಯಾಹ್ನ ಅಕ್ಕ ಒಬ್ಬಳೇ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದಳು. ಮೈದುನನ ಮನೆಯ ಪಡಸಾಲೆಯಲ್ಲಿ ಕುಳಿತು ನೀರು ಕುಡಿದು, ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು:

“ಆ ಮನಿಗೆ ಮುಂಗಡ ಕೊಡಬ್ಯಾಡ. ನೀವು ಹುಬ್ಬಳ್ಳ್ಯಾಗ ಮನಿ ಮಾಡ್ರಿ.”

ನಾನು ಏನೋ ಹೇಳಹೋದೆ.

“ಸುಮ್ಮನಿರು. ರಾತ್ರಿ ನಿಮ್ಮ ಫೋನು ಬರೂತನಕ ನಾ ಬಾಗಲದಾಗ ನಿಂತಿದ್ದೆ. ನನಗ ನೀ ದಿನಾ ಕಣ್ಣಿಗೆ ಬೀಳಬೇಕಂತ ಏನಿಲ್ಲ. ಆಕಿ ಇರಬೇಕು.”

ಹುಬ್ಬಳ್ಳಿಯ ಪರವಾಗಿ ನಾಲ್ಕು ತಿಂಗಳು ಹೋರಾಡಿದ ನನ್ನಾಕೆ ಆಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಹಂಗಾದರ ನೀವೂ ನಮ್ಮ ಜೋಡಿ ಬರ್ರಿ ಅಕ್ಕಾರ,” ಎಂದಳು. ಅಕ್ಕನಿಗೆ ಸಿಟ್ಟೇ ಬಂದಿತು. “ನಾ ಯಾಕ ಬರಲೆವ್ವಾ? ಸಂಘದಾಗ ಉಪನ್ಯಾಸ ಇರತಾವ. ಓಣಿಯ ಮೂರು ಹುಡುಗರಿಗೆ ಗಣಿತ ಹೇಳಿಕೊಡಬೇಕು. ನನಗ ಎಲ್ಲೆ ಪುರಸೊತ್ತದ?” ಎಂದು ಎದ್ದು ನಿಂತಳು.

ಹೀಗೆ ನಾವು ಹುಬ್ಬಳ್ಳಿಯವರಾದೆವು. ಕೂಡಲೇ ಕೊಳ್ಳಲಿಲ್ಲ. ವಿದ್ಯಾನಗರದಲ್ಲಿ ಬಾಡಿಗೆಯ ಮನೆ ಹಿಡಿದೆವು. ವೈದ್ಯರ ಮನೆಗೆ ಎಂಟು ನಿಮಿಷ. 1957ರಲ್ಲಿ ಪ್ರಾರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನ ‘ಕಿಮ್ಸ್’ ಎಂದೇ ಕರೆಯುವುದು, ಅದೂ ಹತ್ತಿರ. ಹೊಸ ಊರಿಗೆ ಬರುವವರೆಲ್ಲರೂ ಹೀಗೆ ಒಂದು ವರ್ಷ ಬಾಡಿಗೆಯಲ್ಲಿದ್ದು, ಒಂದು ಮಳೆಗಾಲ, ಒಂದು ಬೇಸಗೆ ಕಳೆದು, ಆಮೇಲೆ ಹಣ ಹೂಡುವುದು ಲೇಸೆಂದು ನನಗೆ ತೋರುತ್ತದೆ. ನಮ್ಮ ಪಾಲಿಗೆ ಆ ವರ್ಷ ಇನ್ನೂ ಬೆಳೆಯುತ್ತಲೇ ಇದೆ.

ಈ ನಡುವೆ ಇನ್ನೊಂದು ಸಂಗತಿ ನಡೆಯಿತು. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಯನ್ನು ರಚಿಸಲು ಒಪ್ಪಿಗೆ ಕೊಟ್ಟಿತು. ಹುಬ್ಬಳ್ಳಿಗೆ ಸಿಕ್ಕಷ್ಟು ಪಾಲು ತಮಗೆ ಸಿಗುತ್ತಿಲ್ಲವೆಂದು ಧಾರವಾಡದವರು ಬಹುಕಾಲದಿಂದ ಹೋರಾಡಿದ್ದರು. ಸುದ್ದಿ ಬಂದ ಸಂಜೆ ಅಕ್ಕ ಫೋನು ಮಾಡಿ, “ನೋಡಪಾ, ನಮ್ಮ ಊರು ಬ್ಯಾರೆ ಆತು,” ಎಂದಳು. ದನಿಯಲ್ಲಿ ಹೆಮ್ಮೆಯಿತ್ತು. ಅಣ್ಣತಮ್ಮಂದಿರು ಬೇರೆಯಾದರೆ ಒಲೆ ಎರಡಾಗುತ್ತದೆಯೇ ಹೊರತು ನೀರು ತರುವ ಬಾವಿ ಎರಡಾಗುವುದಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಆಕೆಯ ಸಂತೋಷವನ್ನು ಕೆಡಿಸುವುದೇಕೆಂದು ಸುಮ್ಮನಾದೆ.

ವಾರದಲ್ಲಿ ಎರಡು ದಿನ, ಕೆಲವೊಮ್ಮೆ ಮೂರು ದಿನ, ನಾನು ಧಾರವಾಡಕ್ಕೆ ಹೋಗುತ್ತೇನೆ. ಹಿರಿಯ ನಾಗರಿಕನ ಚೀಟಿ ಜೇಬಿನಲ್ಲಿರುತ್ತದೆ. ನನ್ನಾಕೆ ಡಬ್ಬಿಯಲ್ಲಿ ಏನಾದರೂ ಕಟ್ಟಿಕೊಡುತ್ತಾಳೆ. ಅಕ್ಕ ಅದೇ ಡಬ್ಬಿಯಲ್ಲಿ ಬೇರೇನಾದರೂ ತುಂಬಿ ಕಳಿಸುತ್ತಾಳೆ. ಬರಿಯ ಡಬ್ಬಿ ಈವರೆಗೆ ಯಾವ ಕಡೆಗೂ ಹೋಗಿಲ್ಲ. ಸಂಘದಲ್ಲಿ ಉಪನ್ಯಾಸವಿದ್ದ ದಿನ ನನಗೂ ಒಂದು ಕುರ್ಚಿ ಹಿಡಿದಿಟ್ಟಿರುತ್ತಾಳೆ.

ಈಗ ಆಕೆಗೆ ಏಳು ಕೊಡ ಎತ್ತುವುದು ಆಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಹಿಂದಿನ ದಿನ ಫೋನಿನಲ್ಲಿ, “ನಾಳೆ ನಮ್ಮ ಓಣ್ಯಾಗ ನೀರು ಬರತದಂತ,” ಎಂದಷ್ಟೇ ಹೇಳಿ ಇಟ್ಟುಬಿಡುತ್ತಾಳೆ. ನಿನ್ನೆ ಸಂಜೆಯೂ ಆ ಫೋನು ಬಂದಿತ್ತು. ಆದುದರಿಂದ ಇದನ್ನು ಇಲ್ಲಿಗೇ ನಿಲ್ಲಿಸಿ ಹೊರಡಬೇಕು. ನಸುಕಿನ ಬಸ್ಸು ತಪ್ಪಿದರೆ ಹಂಡೆ ತುಂಬುವ ಹೊತ್ತಿಗೆ ಮುಟ್ಟಲಾಗುವುದಿಲ್ಲ.